ಮಡಿ ಪಂಚೆ ಉಟ್ಟ ಟೇಪ್ ರೆಕಾರ್ಡರ್

ಅಂಗಡಿ ಶಾವಿಗೆಗೆ ವಾಸನೆಯೇ ಇರುವುದಿಲ್ಲ. ಮೊನ್ನೆ ಗುರುವಾರ ರಾಯರ ನೈವೇದ್ಯಕ್ಕೆ ಪಾಯಸ ಮಾಡೋಣ ಅಂತ ಪಾಕೀಟು ಒಡೆದು ಮೂಗಿನ ಹತ್ತಿರ ಹಿಡಿದೆ. ಏನೂ ಇಲ್ಲ. ಆ ಏನೂ ಇಲ್ಲದ್ದೇ ನನ್ನನ್ನು ಆಂಧ್ರದ ಗಡಿಯ ಆದೋನಿಯ ಹಳೆ ಮನೆಯ ಮಾಳಿಗೆಗೆ ಕರೆದುಕೊಂಡು ಹೋಯಿತು. ನಾದಿದ ಗೋಧಿ ಹಿಟ್ಟು, ಬೇಸಿಗೆ ಬಿಸಿಲು, ಕಾದ ಟೇಪ್ ರೆಕಾರ್ಡರಿನ ಒಂಥರಾ ಸುಟ್ಟ ವಾಸನೆ... ನನ್ನ ಪಾಲಿಗೆ ಅದು ಮೇಡಮ್ಮನ ವಾಸನೆ.

ಎಪ್ಪತ್ತರ ದಶಕದ ಕೊನೆ ಇರಬೇಕು. ಗೋನೆಗಂಡ್ಲದಿಂದ ಸೊಸೆಯಾಗಿ ಬಂದ ಹೊಸತು. ಅತ್ತೆಯವರ ಮುಂದೆ ಗಟ್ಟಿಯಾಗಿ ಮಾತಾಡಲು ಅಂಜುತ್ತಿದ್ದೆ. ಆಗ ನಮ್ಮ ಹೊರಗಿನ ಕೋಣೆಗೆ ಬಾಡಿಗೆಗೆ ಬಂದವರು ಈ ಮೇಡಮ್ಮ. ಮೈಸೂರು ಕಡೆಯವರು, ನಮ್ಮ ಸೀಮೆಯ ಕನ್ನಡದ ಸದ್ದುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಬರೆಯುವ ಅಕ್ಷರ ಅಲ್ಲ, ಬಾಯಿಂದ ಬರುವ ಸದ್ದು. ನಾಲಿಗೆ ಎಲ್ಲಿ ತಾಗುತ್ತೆ, ಉಸಿರು ಎಲ್ಲಿ ನಿಲ್ಲುತ್ತೆ, ಅಷ್ಟೇ ಅವರ ಧ್ಯಾನ. ಒಮ್ಮೆ ನನ್ನ ಕೈಯನ್ನು ನನ್ನದೇ ಗಂಟಲ ಮೇಲಿಟ್ಟು, "'ಸ್ಸ್' ಅನ್ನು. ಏನೂ ಇಲ್ಲ ಅಲ್ವಾ? ಈಗ 'ಮ್ಮ್' ಅನ್ನು" ಅಂದರು.

"ಅಯ್ಯ, ಒಳಗ ದುಂಬಿ ಹೊಕ್ಕಂಗಾತರಿ!" ಅಂದೆ.

ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಹೇಳು" ಅಂದರು. ನಾನು ಏನಂದರೂ ಅವರದು ಅದೇ ಮಾತು, ಇನ್ನೊಮ್ಮೆ ಹೇಳು. ಹುಟ್ಟಿದಾಗಿನಿಂದ "ಸುಮ್ಮನಿರು" ಕೇಳಿಕೊಂಡು ಬಂದವಳಿಗೆ ಅದು ದೇವರು ಕೊಟ್ಟ ಪ್ರಸಾದದ ಹಾಗಿತ್ತು.

ಆದರೆ ಅವರ ಕೆಲಸ ಮಾತ್ರ ಕೂಡಿ ಬರಲಿಲ್ಲ. ರೆಕಾರ್ಡರ್ ಮುಂದಿಟ್ಟರೆ ಓಣಿಯ ಹೆಂಗಸರೆಲ್ಲ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಬಂದು ಪುರಾಣ ಹೇಳುವವರ ಹಾಗೆ ಮಾತಾಡುವರು. ನಾನೂ ಅಷ್ಟೇ, "ನಾನು ಅಡುಗೆಯನ್ನು ಮಾಡುತ್ತೇನೆ" ಅಂತ ಶಾಲೆ ಹುಡುಗಿಯ ಹಾಗೆ ಒಪ್ಪಿಸಿದೆ. ಅವರ ಗುರುಗಳು ಕೇಳಿ, ಇದು ಆದೋನಿ ಮಾತಲ್ಲ, ಪಠ್ಯಪುಸ್ತಕ, ನಡೆಯದು ಅಂದುಬಿಟ್ಟರಂತೆ. ಮೇಡಮ್ಮನ ತಂದೆ ಕೊಟ್ಟದ್ದು ಆ ಬೇಸಿಗೆಯವರೆಗೆ ಗಡುವು. ಅಷ್ಟರೊಳಗೆ ಆಗದಿದ್ದರೆ ಓದು ಬಿಟ್ಟು, ಅವರು ನೋಡಿಟ್ಟ ಗಂಡನ್ನು ಮದುವೆಯಾಗಬೇಕು. ಬಾವಿ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನನಗೆ ಹೇಳಿ ಅತ್ತರು. ನನಗೇನು ತಿಳಿಯುತ್ತೆ? ದೇವರ ಮುಂದೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ಮುಂದೆ ನಮ್ಮ ಮನೆಯ ಶಾವಿಗೆ ದಿನ ಬಂತು. ಮೇಡಮ್ಮ ರೆಕಾರ್ಡರ್ ಹಿಡಿದು ಮಾಳಿಗೆ ಹತ್ತಿದರೆ ಅತ್ತೆಯವರು ಮೆಟ್ಟಿಲಲ್ಲೇ ತಡೆದರು.

"ನಿಲ್ರಿ ಮೇಡಮ್ಮ! ಅದು ತೊಗಲಿನ ಚೀಲ. ನಾವು ಮಡಿಯಾಗ ಇದ್ದೀವಿ."

ಚೀಲ ಕಳಚಿದರೂ ಒಪ್ಪಲಿಲ್ಲ. "ನೀವು ಸ್ನಾನ ಮಾಡಿ ಬರ್ರಿ. ಅದಕ್ಕೂ ಒಂದು ಮಡಿ ಪಂಚಿ ಉಡಸ್ರಿ."

ಪಕ್ಕದ ಮನೆಯ ಹತ್ತಿ ವ್ಯಾಪಾರಿಗಳ ಹೆಂಡತಿ ಗೋಡೆಯಾಚೆ ತಮ್ಮ ಮಾಳಿಗೆಯಿಂದಲೇ ಕೂಗಿದರು: "ಏನ್ರೀ, ಪೆಟ್ಟಿಗೀಗೂ ಸ್ವಾಮಿಗಳ ಕಡೆ ಮುದ್ರಿ ಹಾಕಿಸ್ತೀರೇನು?"

ಬಿಳಿ ಪಂಚೆ ಸುತ್ತಿಕೊಂಡು ಹಿಟ್ಟಿನ ಡಬ್ಬಿಗಳ ನಡುವೆ ಕೂತ ರೆಕಾರ್ಡರ್ ಯಂತ್ರದ ಹಾಗೆ ಕಾಣಲೇ ಇಲ್ಲ. ಮೈಕನ್ನು ಶಾವಿಗೆ ಒಣಹಾಕುವ ಕೋಲಿಗೆ ಕಟ್ಟಿದ್ದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಅದನ್ನು ಮರೆತೇಬಿಟ್ಟೆವು.

"ಏ ಹುಡುಗಿ, ಶಾವಿಗಿ ಎಳೀತಿಯೋ, ಹಗ್ಗ ಹೊಸೀತಿಯೋ? ನಿಮ್ಮ ಗೋನೆಗಂಡ್ಲದಾಗ ಹಿಂಗ ಏನು?" ಅಂದರು ಅತ್ತೆಯವರು.

ಎಲ್ಲಿತ್ತೋ ಧೈರ್ಯ, "ಹೌದ್ರಿ ಅತ್ತೀ. ನಮ್ಮೂರಾಗ ಹಸದು ಬಂದವರಿಗಿ ದಪ್ಪಂದ ಹಾಕ್ತಾರ, ಲಗೂನ ಹೊಟ್ಟಿ ತುಂಬತೈತಿ" ಅಂದೆ.

"ಅಬ್ಬಬ್ಬ, ಚೂಡಂಡಿ! ನೋಡ್ರಿ, ನಿಮ್ಮ ಸೊಸಿಗೂ ಬಾಯಿ ಐತಿ!" ಅಂದರು ಗೋಡೆಯಾಚೆಯವರು, ತೆಲುಗು ಬೆರೆಸಿ.

ಅತ್ತೆಯವರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಮೇಡಮ್ಮ ಮೂಲೆಯಲ್ಲಿ ಕಣ್ಣು ಮುಚ್ಚಿ, ಮಂಗಳಾರತಿ ಹೊತ್ತಿನಲ್ಲಿ ನಿಲ್ಲುವ ಹಾಗೆ ನಿಂತಿದ್ದರು...

ಆ ಟೇಪನ್ನು ಗುರುಗಳು ಒಪ್ಪಿದರು. ಮೇಡಮ್ಮ ಡಾಕ್ಟರ್ ಆದರು, ಆಮೇಲೆ ಪ್ರೊಫೆಸರ್ ಆದರು. ಎಂಬತ್ತರ ದಶಕದಲ್ಲೂ ಕೌತಾಳಂ ಕಡೆಯ ಹಳ್ಳಿ ಸುತ್ತಿ, ಧೂಳು ಮುಖದಲ್ಲಿ ಬಸ್ಸಿಳಿದು ನೇರ ನಮ್ಮ ಮನೆಗೆ ಬರುತ್ತಿದ್ದರು. "ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳಿಸೋದು ನಿಮ್ಮ ಶಾವಿಗೆ ಟೇಪೇ. ಅವರಿಗೆಲ್ಲ ನಿನ್ನ ದನಿ ಗೊತ್ತು" ಅಂದಿದ್ದರು ಒಮ್ಮೆ. ಮಂತ್ರಾಲಯ ದಾಟಿ ಹೋಗದ ನಾನು ಯೂನಿವರ್ಸಿಟಿಯಲ್ಲಿ ಮಾತಾಡಿದ್ದೆ! ಇದೂ ಒಂದು ಕೃಪೆ ಅಂತ ಎಣಿಸಿಕೊಂಡೆ. ಬರಬರುತ್ತಾ ಅವರ ಬರುವಿಕೆ ಕಡಿಮೆಯಾಯಿತು. ಅತ್ತೆಯವರು ಹೋದರು. ಹೋದ ವರ್ಷ ಮೇಡಮ್ಮನ ಶಿಷ್ಯೆ ಫೋನ್ ಮಾಡಿ, ಮೇಡಂ ಹೋಗಿಬಿಟ್ಟರು ಅಂದಳು. ನನ್ನ ದನಿ ಕೇಳಿದೊಡನೆ ಅವಳಿಗೆ ಗುರುತು ಸಿಕ್ಕಿತಂತೆ.

ಮೊನ್ನೆ ನೈವೇದ್ಯ ಮುಗಿಸಿ, "ಪಾಯಸ ಆತು, ಬರ್ರಿ" ಅಂತ ಕರೆದೆ. ನಮ್ಮ ಮನೆಯವರಿಗೆ ಈಗ ಕಿವಿ ಮಂದ.

"ಏನಂದಿ? ಇನ್ನೊಮ್ಮೆ ಹೇಳು" ಅಂದರು.

ಒಂದು ಕೈಯಲ್ಲಿ ಸೌಟಿತ್ತು. ಇನ್ನೊಂದು ಕೈ ತಾನಾಗಿ ಗಂಟಲ ಮೇಲೆ ಹೋಯಿತು. ಬಾಯಿ ಇನ್ನೂ ತೆರೆದಿರಲಿಲ್ಲ, ಒಳಗೆ ಆಗಲೇ ಆ ದುಂಬಿ ಗುಂಯ್‌ಗುಡುತ್ತಿತ್ತು...

ಇನ್ನೊಮ್ಮೆ ಹೇಳಿದೆ.