ನಲವತ್ತು ನಿಮಿಷಕ್ಕೆ ಒಂದು ಸುತ್ತು

ನೀರು ಶುದ್ಧ ಮಾಡುವ ಘಟಕದ ಆಪರೇಟರ್ ಹೆಂಗಸಿಗೆ ಅಲ್ಲಿನವರು ಇಟ್ಟ ಹೆಸರು ‘ಯಾಕಮ್ಮ’. ಏನು ಹೇಳಿದರೂ ‘ಯಾಕೆ?’ ಎನ್ನುವವಳಿಗೆ ಇನ್ನೇನು ಹೆಸರಿಟ್ಟಾರು! ಅವಳ ಪಾಲಿಗೆ ಬಂದದ್ದು ದುಂಡನೆಯ ದೊಡ್ಡ ತೊಟ್ಟಿ. ಅದರ ನಡುವಿನ ಶಾಫ್ಟ್, ತಳದ ಕೆಸರು ಬಳಿಯುವ ಹಲಗೆಯನ್ನು ಎಳೆದುಕೊಂಡು ನಲವತ್ತು ನಿಮಿಷಕ್ಕೆ ಒಂದೇ ಒಂದು ಸುತ್ತು ಬರುತ್ತದೆ. ತಿರುಗುತ್ತಿದೆಯೋ ನಿಂತಿದೆಯೋ, ನೋಡುತ್ತ ಕೂತವರಿಗೂ ತಿಳಿಯದು.

ಆ ವರ್ಷ ಶಾಫ್ಟ್ ತಿರುಗಿಸುವ ಗೇರಿನ ಹಲ್ಲು ಎರಡು ಸಲ ಮುರಿಯಿತು. ಹಲಗೆ ಸಿಕ್ಕಿಕೊಂಡಾಗ ಇವಳು ಮೋಟರ್ ನಿಲ್ಲಿಸಲಿಲ್ಲವೆಂದು ಸೂಪರ್‌ವೈಸರ್ ಹಿಂದುಮುಂದು ನೋಡದೆ ಅವಳ ಫೈಲಿನಲ್ಲಿ ‘ಡ್ಯೂಟಿಯಲ್ಲಿ ನಿದ್ದೆ’ ಎಂದು ಬರೆದುಬಿಟ್ಟರು. ಇನ್ನೊಮ್ಮೆ ಮುರಿದರೆ ಕೆಲಸ ಹೋದಂತೆಯೇ. ಇಪ್ಪತ್ತು ವರ್ಷ ಎವೆಯಿಕ್ಕದೆ ಕಾದವಳಿಗೆ ಆ ಎರಡು ಪದ ಮೈ ಉರಿಸಿದವು. ಆದರೆ ಹಲ್ಲು ಮುರಿದದ್ದಾದರೂ ಹೇಗೆ ಎಂಬ ಹುಳು ತಲೆಯೊಳಗೆ ಹೊಕ್ಕಿತ್ತು.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪುಟ್ಟ ಕಂಪ್ಯೂಟರಿನಂಥ ಒಂದು ಮೈಕ್ರೊಕಂಟ್ರೋಲರ್ ಬೋರ್ಡ್ ತರಿಸಿದಳು. ಶಾಫ್ಟಿಗೆ ಒಂದು ಅಯಸ್ಕಾಂತ ಅಂಟಿಸಿ, ಅದನ್ನು ಗುರುತಿಸುವ ಸೆನ್ಸರ್ ಪಕ್ಕದಲ್ಲಿಟ್ಟು, ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಲು ಹಚ್ಚಿದಳು. ಪರದೆಯ ಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಮೂರು ದಿನ ವೈರು ಬದಲಿಸಿ ಸುಸ್ತಾದ ಮೇಲೆ ಹೊಳೆಯಿತು: ಗಿರ್ರನೆ ತಿರುಗುವ ಫ್ಯಾನಿನ ಲೆಕ್ಕ ಈ ಸೋಮಾರಿ ಶಾಫ್ಟಿಗೆ ನಡೆಯದು. ಇಲ್ಲಿ ಸುತ್ತು ಎಣಿಸಿ ಫಲವಿಲ್ಲ, ಒಂದು ಅಯಸ್ಕಾಂತ ದಾಟಿ ಇನ್ನೊಂದು ಬರಲು ಹಿಡಿಯುವ ಹೊತ್ತನ್ನು ಅಳೆಯಬೇಕು.

ಟೈಲರ್ ಗಂಡ ಬಟ್ಟೆಯ ಪಟ್ಟಿಯೊಂದಕ್ಕೆ ಹನ್ನೆರಡು ಅಯಸ್ಕಾಂತಗಳನ್ನು ಸಮದೂರಕ್ಕೆ ಹೊಲಿದುಕೊಟ್ಟ. "ಇಷ್ಟು ದಿನ ಮನುಷ್ಯರ ಸೊಂಟ ಆಯ್ತು, ಈಗ ಕಬ್ಬಿಣದ ಸೊಂಟಾನೂ ಬಂತು ನೋಡು!"

ಪಟ್ಟಿಯನ್ನು ಶಾಫ್ಟಿಗೆ ಸುತ್ತಿ ಕಟ್ಟಿ ನೋಡಿದರೆ ಹನ್ನೊಂದು ಅಂತರಕ್ಕೆ ತಲಾ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಐದು-ಆರನೆಯ ಅಯಸ್ಕಾಂತಗಳ ನಡುವೆ ಮಾತ್ರ ಮೂರು ನಿಮಿಷ ಐವತ್ತು.

"ನಿಮ್ಮ ಹೊಲಿಗೆ ತಪ್ಪಿದೆ ಕಣ್ರೀ," ಎಂದಳು ಮನೆಗೆ ಬಂದು.

ಗಂಡ ಮುಖ ಊದಿಸಿಕೊಂಡ. "ನನ್ನ ಹೊಲಿಗೇನಾ? ಪಟ್ಟಿ ಸ್ವಲ್ಪ ಜರುಗಿಸಿ ಕಟ್ಟಿ ನೋಡು. ತಪ್ಪು ನಂದಾದ್ರೆ ಆಗ್ಲೂ ಐದು-ಆರೇ ತಡ ಆಗ್ಬೇಕು."

ಜರುಗಿಸಿ ಕಟ್ಟಿದಳು. ಐದು-ಆರು ಸರಿಯಾಯಿತು, ಈಗ ಏಳು-ಎಂಟು ತಡ! ತಡವಾಗುವಾಗೆಲ್ಲ ಹಲಗೆ ಇರುತ್ತಿದ್ದುದು ಒಂದೇ ಕಡೆ, ತೊಟ್ಟಿಗಿಳಿಯುವ ಏಣಿಯ ಬುಡದಲ್ಲಿ. ಸದ್ಯ, ಗಂಡನ ಮಾನ ಉಳಿಯಿತು.

ಅವಳು ತೋರಿಸಿದ ಲೆಕ್ಕ ನೋಡಿ ಸೂಪರ್‌ವೈಸರ್ ಗೊಣಗುತ್ತಲೇ ತೊಟ್ಟಿ ಬರಿದು ಮಾಡಿಸಿದರು. ಏಣಿಯ ಬುಡದಲ್ಲಿ ಸಿಮೆಂಟ್ ನೆಲ ಗೇಣಗಲ ಉಬ್ಬಿತ್ತು. ಪ್ರತಿ ಸುತ್ತಿಗೂ ಹಲಗೆ ಅಲ್ಲಿ ತಿಕ್ಕಿ, ಆ ಭಾರವನ್ನೆಲ್ಲ ಗೇರು ಹೊತ್ತಿತ್ತು.

ಸೂಪರ್‌ವೈಸರ್ ಅವಳ ಫೈಲು ತೆರೆದರು. "ಆ ಹಾಳೆ ಹರಿದು ಹಾಕ್ತೀನಿ ಬಿಡಮ್ಮ."

"ಹರೀಬೇಡಿ ಸಾರ್. ಅದರ ಕೆಳಗೇ ‘ಎಚ್ಚರವಾಗಿದ್ರು’ ಅಂತ ಬರೆದು ಸೈನ್ ಹಾಕಿ."

ಅವರು ಬರೆದರು. ಅವಳು ಎರಡು ಸಲ ಓದಿದಳು, ಆಮೇಲೆ ಅಲ್ಲಿಯೇ ನಿಂತು ಅತ್ತುಬಿಟ್ಟಳು.