ಫರ್ನೇಸಿನಲ್ಲಿ ಕೊಸರು

ಯಶವಂತಪುರದ ಸಂತೆಯಲ್ಲಿ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ನಾನು ಸೊಪ್ಪನ್ನೂ ಕೊಂಡವನಲ್ಲ. ಲೇತ್ ಶೆಡ್ ಕಟ್ಟಿದ್ದೂ ಹಾಗೆ ಚೌಕಾಸಿ ಮಾಡಿಯೇ. ಆ ವರ್ಷ ಗಿರಣಿಯೊಂದಕ್ಕೆ ಶಾಫ್ಟುಗಳನ್ನು ಕಡೆದಿದ್ದೆ. ಅವು ಪಾಸಾಗದಿದ್ದರೆ ಶೆಡ್ ಉಳಿಯುವಂತಿರಲಿಲ್ಲ.

ಅದು ತಾಮ್ರ ಬೆರೆತ ಉಕ್ಕು. ಹದವಾಗಿ ಕಾಯಿಸಿದರೆ ತಾಮ್ರ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಳಗೆಲ್ಲ ಹರಡಿ ಉಕ್ಕನ್ನು ಗಟ್ಟಿ ಮಾಡುತ್ತದೆ. ಹೊತ್ತು ಮೀರಿದರೆ ಆ ಕಣಗಳು ಕೂಡಿಕೊಂಡು ದಪ್ಪಗಾಗುತ್ತವೆ, ಉಕ್ಕು ಮತ್ತೆ ಮೆತ್ತಗಾಗುತ್ತದೆ. ಎಷ್ಟು ಹೊತ್ತು ಎಂದು ಹೇಳಿಯೇ ಪಕ್ಕದ ಬೀದಿಯ ಫರ್ನೇಸಿನವರಿಗೆ ಶಾಫ್ಟುಗಳನ್ನು ಕೊಟ್ಟಿದ್ದೆ.

ತರಲು ಹೋದಾಗ ಅವರು ನಗುತ್ತ, "ಬನ್ನಿ ಅಣ್ಣಾ, ನೀವು ಕೇಳೋಕ್ ಮುಂಚೆನೇ ಕೊಸರು ಹಾಕ್ಬಿಟ್ಟಿದೀನಿ. ಹೇಳಿದ್ದಕ್ಕಿಂತ ಡಬಲ್ ಹೊತ್ತು ಇಟ್ಟಿದ್ದೆ, ಕಲ್ಲಾಗಿರ್ತವೆ ನೋಡಿ!" ಎಂದರು.

ಅರ ಹಾಕಿ ಉಜ್ಜಿದೆ. ಸಲೀಸಾಗಿ ಕಚ್ಚಿತು; ಉಕ್ಕು ಮೆತ್ತಗಾಗಿತ್ತು.

"ಇನ್ನೊಂದ್ಸಲ ಕಾಯ್ಸೋಣ್ವಾ?" ಎಂದರು.

"ಕೆಂಪಗೆ ಕಾಯ್ಸಿ, ನೀರಿಗದ್ದಿ, ಮೊದ್ಲಿಂದ ಮಾಡ್ಬೇಕು ಕಣ್ರೀ. ಕಡೆದು ಮುಗ್ಸಿರೋ ಮಾಲು, ಸೊಟ್ಟಗಾಗ್ತವೆ."

"ನಿಮ್ ಮೇಲಿನ ಪ್ರೀತಿಗೆ ಮಾಡ್ದೆ, ಅಣ್ಣಾ" ಎಂದು ಅವರು ತಲೆ ತಗ್ಗಿಸಿದರು. ಅಂಥವರನ್ನು ಬೈಯುವುದಾದರೂ ಹೇಗೆ?

ಗಿರಣಿಯವರು ಒಂದನ್ನೂ ತೆಗೆದುಕೊಳ್ಳಲಿಲ್ಲ. ಶೆಡ್ ಹೋಯಿತು. ಫರ್ನೇಸಿಗೆ ಮಾಲು ಕೊಡುವವರು ಕೊಸರು ಬೇಡವೆಂದು ಮೊದಲೇ ಹೇಳಿಬಿಡಿ. ನನಗೆ ಮಾತ್ರ ಮತ್ತೆ ಕೊಡಲು ಮಾಲೇ ಇರಲಿಲ್ಲ.