ಚುಂಚಿಲ್ಲದ ಗಿಣಿಗಳು

ರಟ್ಟಿನ ಉದ್ದಪ್ಪನಿಗೆ ಕೇಳಿದರೆ ಮೈ ಉರಿಯುವಂಥ ಮಾತು ಲೋಕದಲ್ಲಿ ಒಂದೇ ಇತ್ತು: "ನಾವೇನೂ ಮುಟ್ಟಿಲ್ರಿ."

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಲಿನ ನೇಕಾರರ ಮನೆಗಳಲ್ಲಿ ಜಕಾರ್ಡ್ ಮಗ್ಗ ಕೈಕೊಟ್ಟರೆ, ಮಗ್ಗ ಕೊಟ್ಟ ಗೋಕಾಕದ ಸೊಸೈಟಿಯವರು ಕಳಿಸುತ್ತಿದ್ದುದು ಅವನನ್ನೇ. ಹೆಗಲಿಗೊಂದು ಖಾಕಿ ಚೀಲ, ಅದರಲ್ಲಿ ತೂತು ಹೊಡೆಯುವ ಉಳಿ, ಮೇಣ ಸವರಿದ ದಾರ, ದಬ್ಬಣ, ಎಣ್ಣೆ ಬಾಟಲಿ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದಾದರೂ ಚಕ್ಕಡಿ, ಅದೂ ಇಲ್ಲದಿದ್ದರೆ ದಾರಿಯುದ್ದಕ್ಕೂ ಸೊಸೈಟಿಯನ್ನು ಬೈಯುತ್ತ ನಡಿಗೆ. ಮನೆಯ ಹೊಸ್ತಿಲು ದಾಟುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಏನ್ ಮುಟ್ಟಿದ್ರಿ, ಖರೆ ಹೇಳ್ರಿ." ಬರುವ ಉತ್ತರವೂ ಒಂದೇ.

ಮುಟ್ಟಿಲ್ಲವಂತೆ! ಮುಟ್ಟದೆ ಕೆಡಲು ಅದೇನು ಹಾಲೇ? ಸೀರೆಯ ದಡಿಯಲ್ಲಿ ಗಿಣಿಯೋ ಹೂವೋ ಮೂಡಬೇಕಾದರೆ ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟುಗಳ ಸರ ತಿರುಗಬೇಕು. ಲಾಳಿ ಒಂದು ಸಲ ಹಾಯ್ದರೆ ಒಂದು ರಟ್ಟು ಮುಂದೆ ಬರುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗಿ ಎಳೆ ಏಳುತ್ತದೆ, ತೂತು ಇಲ್ಲದಲ್ಲಿ ಎಳೆ ಬಿದ್ದಲ್ಲೇ ಬಿದ್ದಿರುತ್ತದೆ. ಇಷ್ಟೇ ವಿದ್ಯೆ. ಆದರೆ ಒಂದು ತೂತು ಮುಚ್ಚಿದರೂ ಗಿಣಿಗೆ ಒಂದು ರೆಕ್ಕೆ ಕಡಿಮೆ. ಆ ಮಗ್ಗವೋ ನೋವು ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುವ ಪೈಕಿಯಲ್ಲ. ತಪ್ಪು ಒಂದು ಮೂಲೆಯಲ್ಲಿ, ಅದು ಕಾಣಿಸುವುದು ಇನ್ನೊಂದು ಮೂಲೆಯಲ್ಲಿ.

ಹುಕ್ಕೇರಿಯಲ್ಲಿ ಒಂದು ಸಲ ಮೂರು ದಿನ ಹುಡುಕಿದ ಮೇಲೆ ಗೊತ್ತಾಯಿತು, ರಟ್ಟಿನ ಮೇಲೆ ಮೇಣದಬತ್ತಿ ಇಟ್ಟಿದ್ದರು, ಮೇಣ ಇಳಿದು ತೂತು ಮುಚ್ಚಿತ್ತು. ಕಣಗಲಾದಲ್ಲಿ ಅಲ್ಲವ್ವ ಎಂಬ ಗೃಹಿಣಿ ದಸರೆಗೆ ಮನೆಯ ಭಾಂಡೆಯೆಲ್ಲ ತೊಳೆದವಳು, ಧೂಳಾಗಿವೆ ಅಂತ ರಟ್ಟುಗಳನ್ನೂ ಸೀಗೆಪುಡಿ ಹಾಕಿ ತಿಕ್ಕಿ ಮಾಳಿಗೆ ಮೇಲೆ ಒಣಹಾಕಿದ್ದಳು. ಒಣಗಿದ ಮೇಲೆ ಹಪ್ಪಳದಂತೆ ಸೊಟ್ಟಗಾಗಿದ್ದವು. ದಡ್ಡಿಯ ಶೆಟ್ಟೆಪ್ಪ ಸರವನ್ನೇ ಹಿಂದುಮುಂದಾಗಿ ಏರಿಸಿ, ಇಡೀ ಸೀರೆಯ ತುಂಬ ಗಿಣಿಗಳನ್ನು ಕಾಲು ಮೇಲೆ ಮಾಡಿ ಮಲಗಿಸಿಬಿಟ್ಟಿದ್ದ. ಕೇಳಿದರೆ ಮೂವರದೂ ಅದೇ ಪಾಠ, ಏನೂ ಮುಟ್ಟಿಲ್ಲ! ಸೊಸೈಟಿಯ ಸಾಹೇಬರ ಮುಂದೆ ಉದ್ದಪ್ಪ ಈ ಕತೆಗಳನ್ನು ಅಭಿನಯ ಸಮೇತ ಹೇಳಿ ನಗಿಸುತ್ತಿದ್ದ. ಕೊನೆಗೆ ತನ್ನ ಎರಡು ನೇಮವನ್ನೂ ಹೇಳುತ್ತಿದ್ದ. ಸರ ಪೋಣಿಸಿದ ಮೇಲೆ ರಟ್ಟು ಎರಡು ಸಲ ಎಣಿಸಬೇಕು. ಒಂದು ಗೇಣು ನೇಯ್ದು ನೋಡದೆ ಆ ಮನೆಯಿಂದ ಕಾಲು ತೆಗೆಯಬಾರದು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ಒಂದು ವರ್ಷ ಕಳೆದಿತ್ತು. ಸಂಕ್ರಮಣ ಮುಗಿದ ವಾರ, ಮಂಗಳವಾರ ಬೆಳಿಗ್ಗೆ, ಮೂಡಲಗಿಯ ಕೆಂಪವ್ವನ ಮನೆಯಿಂದ ಕರೆ ಬಂತು. ಅವಳ ಗಂಡ ಮಾಯಪ್ಪ ಒಳ್ಳೆಯ ನೇಕಾರ. ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಪಡಸಾಲೆಯ ಹೊರಸು ಹಿಡಿದಿದ್ದ. ಮಗ್ಗಕ್ಕೆ ಕೆಂಪವ್ವ ಇಳಿದಳು. ಅದೇ ಸೊಸೈಟಿಯವರಿಗೆ ಸರಿಬರಲಿಲ್ಲ. ಮಗ್ಗ ಕೊಟ್ಟದ್ದು ಮಾಯಪ್ಪನಿಗೆ, ಹೆಣ್ಣುಮಗಳಿಗೆ ಜಕಾರ್ಡ್ ಎಲ್ಲಿ ತಿಳಿಯಬೇಕು, ಬಿಚ್ಚಿಕೊಂಡು ಮೇಲವಂಕಿಯವರಿಗೆ ಕೊಡೋಣ ಎಂದು ಮಾತು ನಡೆದಿತ್ತು. ಕೆಂಪವ್ವ ಗೋಕಾಕಕ್ಕೆ ಹೋಗಿ ಆಫೀಸಿನ ಬಾಗಿಲಲ್ಲಿ ನಿಂತು, "ನೇಯ್ದು ತೋರಿಸ್ತೇನಿ, ಆಮ್ಯಾಲೆ ಒಯ್ರಿ" ಅಂದುಬಂದಿದ್ದಳು. ಸಾಹೇಬ ಮರುದಿನವೇ, ಬುಧವಾರ, ಬರುವವ. ಗಿಣಿ ದಡಿ ಸರಿಯಾಗಿ ಬಂದರೆ ಮಗ್ಗ ಉಳಿಯಿತು, ಇಲ್ಲವಾದರೆ ಅದೇ ದಿನ ಗಾಡಿಗೆ ಏರಿತು.

ಉದ್ದಪ್ಪ ಬಂದವನೇ ಮಗ್ಗಕ್ಕೆ ಬಗ್ಗಿ ನೋಡಿದ. ಎರಡು ಮೊಳ ದಡಿ ನೇಯ್ದಾಗಿತ್ತು. ಬೆರಳ ಗಿಣ್ಣಿನಷ್ಟು ಸಣ್ಣ ಸಣ್ಣ ಗಿಣಿಗಳು, ಕಣ್ಣಿದೆ, ರೆಕ್ಕೆ ಇದೆ, ಬಾಲವೂ ಇದೆ. ಚುಂಚು ಮಾತ್ರ ಇಲ್ಲ. ಒಂದಕ್ಕೂ ಇಲ್ಲ.

"ಏನ್ ಮುಟ್ಟಿದಿ, ಕೆಂಪವ್ವಾ?"

"ಏನೂ ಮುಟ್ಟಿಲ್ರಿ ಕಾಕಾ. ದೀಪಾವಳಿಗೆ ನೀವು ರಿಪೇರಿ ಮಾಡಿಹೋದಿರಿ. ಆಮ್ಯಾಲೆ ಬಣ್ಣದ ನೂಲ ಬರ್ಲಿಲ್ಲ, ಬರೇ ಸಾದಾ ಧೋತರ ನೇಯ್ದೆ. ದಡಿ ಹಾಕಿದ್ದು ಈ ವಾರಾನ."

"ಹೂಂ, ಎಲ್ಲಾರೂ ಹಿಂಗ ಅಂತಾರ," ಅಂದ ಉದ್ದಪ್ಪ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಮಗ್ಗದ ಮೇಲೆ ಹತ್ತಿದ.

ಮೊದಲು ಸೂಜಿಗಳನ್ನು ನೋಡಿದ. ಒಂದು ಸೂಜಿ ಕೊಂಚ ಬಾಗಿತ್ತು. ಸಿಕ್ಕಿತು ಕಳ್ಳ ಅಂತ ನೆಟ್ಟಗೆ ಮಾಡಿದ. ಕೆಂಪವ್ವ ನಾಲ್ಕು ಬೆರಳಷ್ಟು ನೇಯ್ದಳು. ಚುಂಚು ಬರಲಿಲ್ಲ, ಬಾಲ ಸೀಳಿಕೊಂಡಿತು. ಮತ್ತೆ ಬಾಗಿಸಿದ. ಬಾಲ ಕೂಡಿತು, ಕಾಲು ಕುಂಟಾಯಿತು. ಎಣ್ಣೆ ಬಿಟ್ಟ, ಸ್ಪ್ರಿಂಗು ಬದಲಿಸಿದ, ಮೇಲಿನ ದಾರಗಳನ್ನು ಬಿಚ್ಚಿ ಬಿಗಿದ. ಒಂದನ್ನು ಸರಿಮಾಡಿದರೆ ಎರಡು ಕೆಡುತ್ತಿದ್ದವು. ಹೊತ್ತು ನೆತ್ತಿಯ ಮೇಲೆ ಬಂತು, ಅವನ ಸಿಟ್ಟು ಅದಕ್ಕಿಂತ ಮೊದಲೇ ಅಲ್ಲಿಗೇರಿ ಕೂತಿತ್ತು.

"ಕಾಕಾ, ಒಮ್ಮೆ ರಟ್ಟು ಎಣಿಸಿ ನೋಡೋಣೇನ್ರಿ?" ಅಂದಳು ಕೆಂಪವ್ವ.

"ರಟ್ಟು ನಾ ಕೈಯಾರೆ ಪೋಣಿಸೇನಿ! ನಲವತ್ತೆಂಟಕ್ಕ ನಲವತ್ತೆಂಟು ಅದಾವು. ಅದರಾಗ ಏನ್ ಎಣಸ್ತಿ? ತಪ್ಪು ಮಗ್ಗದಾಗ ಐತಿ, ಇಲ್ಲಾ ನಿನ್ನ ಕೈಯಾಗ ಐತಿ."

ಕೆಂಪವ್ವನ ಮುಖ ಕೆಂಪಾಯಿತು. ಅಡುಗೆಮನೆಯಿಂದ ಅವಳ ಅತ್ತೆ ಇಂದ್ರವ್ವ ಸೊಂಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. "ಉದ್ದಪ್ಪಾ, ದೀಪಾವಳಿ ಮುಂದ ನೀ ಬಂದಾಗ..."

"ಯವ್ವಾ, ಕೈ ಮುಗೀತೇನಿ, ಇದು ನಿನಗ ತಿಳಿಯೂ ಪೈಕಿ ಅಲ್ಲ. ಸುಮ್ನ ಕುಂದರು."

ಮುದುಕಿ ಒಳಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಗಿಣಿಗಳಿಗೆ ಚುಂಚಂತೂ ಇಲ್ಲ, ಹೊಸದಾಗಿ ಕುಂಟು ಬೇರೆ. ಹೊರಸಿನ ಮೇಲಿಂದ ಮಾಯಪ್ಪ ತೊದಲು ನಾಲಿಗೆಯಲ್ಲಿ ಏನೋ ಹೇಳಿದ. ಕೆಂಪವ್ವ ಅವನಿಗೆ ನೀರು ಕುಡಿಸುವ ನೆವದಲ್ಲಿ ಕಣ್ಣೊರೆಸಿಕೊಂಡಳು. ಅದನ್ನು ಕಂಡ ಉದ್ದಪ್ಪನಿಗೆ ಮಗ್ಗದ ಮೇಲೆ, ಸೊಸೈಟಿಯ ಮೇಲೆ, ಗಿಣಿಗಳ ಮೇಲೆ ಒಟ್ಟಿಗೇ ಸಿಟ್ಟು ಬಂತು. ಊಟ ಬೇಡವೆಂದು ಮಠದ ಕಟ್ಟೆಗೆ ಮಲಗಲು ಹೋದ.

ಬೆಳಿಗ್ಗೆ ಬರುವಷ್ಟರಲ್ಲಿ ಇಂದ್ರವ್ವ ಅಂಗಳ ಸಾರಿಸಿ ರಂಗೋಲಿ ಹಾಕಿ ಆಗಿತ್ತು. ತಲೆ ತಗ್ಗಿಸಿಕೊಂಡೇ ಬಂದ ಉದ್ದಪ್ಪ ಹೊಸ್ತಿಲ ಮುಂದೆ ಗಕ್ಕನೆ ನಿಂತ. ಬಿಳಿ ಚುಕ್ಕಿಗಳು. ಉದ್ದಕ್ಕೆ ಎಂಟು ಸಾಲು, ನಡುನಡುವೆ ಚುಕ್ಕಿ ಬಿಟ್ಟ ಜಾಗ. ಯಾವ ಹೆಂಗಸೂ ಹೀಗೆ ಚುಕ್ಕಿ ಇಡುವುದಿಲ್ಲ. ಇಪ್ಪತ್ತು ವರ್ಷ ರಟ್ಟಿಗೆ ತೂತು ಹೊಡೆದ ಕಣ್ಣು ಅದನ್ನು ಓದಿಬಿಟ್ಟಿತು. ಎಡಕ್ಕೆ ಐದು ತೂತು, ಬಿಟ್ಟು ಎರಡು, ಬಿಟ್ಟು ಮತ್ತೊಂದು. ಗಿಣಿಯ ಚುಂಚು!

"ಯವ್ವಾ!" ಅಂತ ಒದರಿದ. ಬಾಜೂ ಮನೆಯವರೂ ಇಣುಕಿದರು. "ರಟ್ಟು ಕಿತ್ತು ರಂಗೋಲಿಗೆ ಹಚ್ಚಿ, ಮುಟ್ಟಿಲ್ಲ ಅಂತೀರಿ? ನಿನ್ನಿ ಇಡೀ ದಿನ ನನ್ನ ಜೀವಾ ತಿಂದ್ರಲ್ಲ!"

ಇಂದ್ರವ್ವ ಗೋಡೆಯ ಗೂಡಿನಿಂದ ರಂಗೋಲಿ ಮೆತ್ತಿದ ರಟ್ಟೊಂದನ್ನು ತಂದಳು. ಅದರ ಒಂದು ತುದಿ ಹರಿದಿತ್ತು. "ನೀನ ಕೊಟ್ಟಿದ್ದಲ್ಲೋ ಎಪ್ಪಾ. ತುದಿ ಹರದೈತಿ, ಹೊಸಾದು ಹೊಡದೇನಿ, ಇದರ ಮ್ಯಾಲೆ ಪುಡಿ ಉದರಿಸಿದ್ರ ಚುಕ್ಕಿ ಛಲೋ ಬೀಳ್ತಾವು, ಇಟ್ಕೋ ಅಂದಿ. ಅದನ್ನ ಹೇಳಾಕ ನಿನ್ನೆ ಬಂದಿದ್ನಿ. ಕುಂದರು ಅಂದಿ, ಕುಂತೆ."

ಉದ್ದಪ್ಪನಿಗೆ ನೆನಪಾಯಿತು. ಹರಿದದ್ದನ್ನು ತೆಗೆದದ್ದು, ಹೊಸದಕ್ಕೆ ತೂತು ಹೊಡೆದದ್ದು, ಅಷ್ಟರಲ್ಲಿ ಹುಕ್ಕೇರಿ ಬಸ್ಸು ಹಾರ್ನ್ ಹೊಡೆದದ್ದು, ಗಡಿಬಿಡಿಯಲ್ಲಿ ಸರ ಕಟ್ಟಿ ಓಡಿದ್ದು. ಎಣಿಸಿರಲಿಲ್ಲ. ಗೇಣು ನೇಯ್ದೂ ನೋಡಿರಲಿಲ್ಲ. ಸೊಸೈಟಿಯ ವಹಿಯಲ್ಲಿ ಮಾತ್ರ 'ರಿಪೇರಿಯಾಗಿದೆ, ನೇಯ್ದು ನೋಡಿದೆ' ಅಂತ ಬರೆದು ಸಹಿ ಜಡಿದಿದ್ದ.

ಚೀಲವನ್ನು ಅಂಗಳದಲ್ಲೇ ಬೋರಲು ಹಾಕಿದ. ಎಲ್ಲಕ್ಕಿಂತ ಕೆಳಗೆ, ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಹೊಸ ರಟ್ಟು ಬೆಚ್ಚಗೆ ಕೂತಿತ್ತು. ಮೂರು ತಿಂಗಳು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಊರೂರು ತಿರುಗಿ, ಕಂಡವರಿಗೆಲ್ಲ 'ಏನ್ ಮುಟ್ಟಿದ್ರಿ' ಅಂತ ಗದರಿಸಿದ್ದ. ಕೆಂಪವ್ವ ಸರ ಹಿಡಿದು ಎಣಿಸಿದಳು. ನಲವತ್ತೇಳು.

ರಟ್ಟನ್ನು ಅದರ ಜಾಗದಲ್ಲಿ ಹೊಲಿದ. ನಿನ್ನೆ ತಾನೇ ಕೆಡಿಸಿದ ಸೂಜಿ, ದಾರಗಳನ್ನೆಲ್ಲ ಹಿಂದಿನಂತೆ ಮಾಡಿದ. ಕೆಂಪವ್ವ ಲಾಳಿ ಹಾಯಿಸಿದಳು. ಗಿಣಿಗೆ ಕಣ್ಣು ಬಂತು, ಮುಂದಿನ ಎಳೆಗೆ ಪುಟ್ಟ ಚುಂಚು ಬಂತು. ಅವಳು ನಿಲ್ಲಿಸಲಿಲ್ಲ. ಒಂದು ಗೇಣು ಆಗುವಷ್ಟರಲ್ಲಿ ಬಾಗಿಲಲ್ಲಿ ಸಾಹೇಬರ ಬೂಟಿನ ಸಪ್ಪಳವಾಯಿತು.

ಸಾಹೇಬ ಹೊಸ ಗೇಣನ್ನು ನೋಡಲೇ ಇಲ್ಲ. ಸುತ್ತಿಟ್ಟ ಬಟ್ಟೆಯನ್ನು ಬಿಚ್ಚಿ ಎರಡು ಮೊಳ ಬೋಳು ಗಿಣಿಗಳನ್ನು ಹೊರಗೆಳೆದ. "ಇದ ನಿನ್ನ ಜಕಾರ್ಡ್ ಏನವ್ವಾ? ಏನ್ ಮುಟ್ಟಿದಿ ಹೇಳು."

"ನಾ ಏನೂ ಮುಟ್ಟಿಲ್ರಿ ಸಾಹೇಬ್ರ."

ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿದೇನೋ ಉದ್ದಪ್ಪ? ನೀ ಹೇಳ್ತಿದ್ದಿ ನೋಡು, ಎಲ್ಲಾರೂ ಹಿಂಗ ಅಂತಾರಂತ. ನಡಿ, ಮಗ್ಗ ಬಿಚ್ಚಸು."

ಕೆಂಪವ್ವ ಉದ್ದಪ್ಪನ ಕಡೆ ನೋಡಲಿಲ್ಲ. ಮಗ್ಗದ ಮರದ ಮೇಲೆ ಎರಡೂ ಕೈ ಒತ್ತಿ ನಿಂತಿದ್ದಳು. ಸುಮ್ಮನಿದ್ದರೆ ಆಯಿತು, ಉದ್ದಪ್ಪನ ಹೆಸರು ಹೆಸರಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಜನ ಯಾಕೆ ಆ ಒಂದು ಮಾತನ್ನೇ ಹೇಳುತ್ತಿದ್ದರು ಎಂಬುದು ಅವನಿಗೆ ಆಗ ತಿಳಿಯಿತು.

"ಇಕಿ ಖರೇನ ಹೇಳಾಕತ್ತಾಳ್ರಿ. ಮುಟ್ಟಿದಾಂವ ನಾನು. ರಟ್ಟು ಬಿಟ್ಟು ಪೋಣಿಸಿದೆ, ಎಣಸ್ಲಿಲ್ಲ, ನೇಯ್ದು ನೋಡ್ಲಿಲ್ಲ. ವಹಿಯಾಗ ಸುಳ್ಳ ಸಹಿ ಮಾಡೇನಿ. ಈಗಿನ ಒಂದು ಗೇಣು ನೋಡ್ರಿ, ಅದು ಇಕಿ ಕೈ." ಚೀಲವನ್ನು ಸಾಹೇಬರ ಬೂಟಿನ ಮುಂದೆ ಇಟ್ಟ. "ಮಗ್ಗ ಇಲ್ಲೇ ಇರ್ಲಿ. ಒಯ್ಯೂದಿದ್ರ ಇದನ್ನ ಒಯ್ರಿ."

ಸಾಹೇಬರ ನಗು ಅರ್ಧಕ್ಕೇ ನಿಂತಿತು. ಬಗ್ಗಿ ಹೊಸ ದಡಿಯನ್ನು ನೋಡಿದ, ಬೆರಳಾಡಿಸಿದ, ಇನ್ನೊಂದು ಗೇಣು ನೇಯಿಸಿ ನೋಡಿದ. ಉದ್ದಪ್ಪನಿಗೆ ಬಾಜೂ ಮನೆಯವರ ಮುಂದೆಯೇ ಬಾಯಿಗೆ ಬಂದಂತೆ ಅಂದ. ಬರುವ ವಾರ ಆಫೀಸಿಗೆ ಬಂದು ಮಾರಿ ತೋರಿಸು ಅಂದ. ಆಮೇಲೆ ವಹಿ ತೆಗೆದು ಮಾಯಪ್ಪನ ಹೆಸರಿನ ಮುಂದೆ ಕೆಂಪವ್ವನ ಹೆಸರು ಬರೆದುಕೊಂಡು, ಚೀಲ ದಾಟಿ ಹೊರಟುಹೋದ.

ಉದ್ದಪ್ಪ ಅಂಗಿ ಹಾಕಿಕೊಂಡು ಬರಿಗೈಯಲ್ಲಿ ಹೊಸ್ತಿಲು ದಾಟಿದ. ಕೆಂಪವ್ವ ಚೀಲ ತಂದು ಅವನ ಹೆಗಲಿಗೆ ಹಾಕಿದಳು.

"ಕಾಕಾ, ಒಳಗ ಬರ್ರಿ, ರೊಟ್ಟಿ ತಿಂದು ಹೋಗ್ರಿ. ಬಸ್ಸು ಹೋದ್ರ ಹೋಗ್ಲಿ," ಅಂದಳು. "ಹಂಗ ಚೀಲದಾಗಿನ ಸಾಮಾನೂ ಒಮ್ಮೆ ಎಣಿಸ್ಕೋರಿ."